2300 ಡಿಗ್ರಿ ತಾಳಬೇಕಾದ ತಂತಿ 800ಕ್ಕೇ ಪುಡಿಯಾಗಿದೆ: ರೀನಿಯಂ ಬಗ್ಗೆ ಬಲ್ಲವರು ಹೇಳಿ

ಕುಲುಮೆಕಾವಲು
ನಮ್ಮಲ್ಲಿ ಒಂದು ನಿರ್ವಾತ ಕುಲುಮೆ ಇದೆ. ಲೋಹದ ಪುಡಿಯನ್ನು ಅಚ್ಚೊತ್ತಿ 1600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಮಾಡುವ ಕೆಲಸ. ಒಳಗಿನ ಶಾಖ ಅಳೆಯಲು ಟಂಗ್‌ಸ್ಟನ್-ರೀನಿಯಂ ಥರ್ಮೋಕಪಲ್ ಹಾಕಿದ್ದೇವೆ, ಅಂದರೆ ತುದಿಯಲ್ಲಿ ಗಂಟಾಗಿ ಬೆಸೆದ ಎರಡು ತಂತಿಗಳ ಜೋಡಿ. ಒಂದು ತಂತಿಯಲ್ಲಿ ಶೇಕಡಾ 5 ರೀನಿಯಂ, ಇನ್ನೊಂದರಲ್ಲಿ ಶೇಕಡಾ 26. ಮಾರಿದವರು "2300ರವರೆಗೆ ಯೋಚನೆಯೇ ಬೇಡ" ಎಂದಿದ್ದರು. ಎರಡು ತಿಂಗಳೂ ಆಗಿಲ್ಲ. ಮೊನ್ನೆ ಕುಲುಮೆ ಇನ್ನೂ 800 ದಾಟುತ್ತಿರುವಾಗಲೇ ಮೀಟರಿನ ಅಂಕಿ ಕುಣಿಯತೊಡಗಿತು, ಐದು ನಿಮಿಷದಲ್ಲಿ ಪೂರ್ತಿ ನಿಂತೇ ಹೋಯಿತು. ಹೊರಗೆಳೆದು ನೋಡಿದರೆ ತಂತಿ ಒಂದು ಕಡೆ ಸೂಜಿಯ ಮೊನೆಯಂತೆ ಸವೆದು ತುಂಡಾಗಿದೆ, ಸುತ್ತ ಹಳದಿ ಪುಡಿ.

ರೀನಿಯಂ ಕರಗುವುದು 3186 ಡಿಗ್ರಿಗೆ, ಟಂಗ್‌ಸ್ಟನ್ 3422ಕ್ಕೆ ಎಂದು ಓದಿದ್ದೇನೆ. ಇಂಥ ಇಬ್ಬರು ಜಟ್ಟಿಗಳು ಸೇರಿಯೂ ಸಾಧಾರಣ ಉಕ್ಕು ತಾಳುವ ಶಾಖಕ್ಕೆ ಮಣ್ಣುಮುಕ್ಕಿದ್ದು ಹೇಗೆ? ಕಲಬೆರಕೆ ಮಾಲು ಕೊಟ್ಟಿದ್ದಾರೆಯೇ? ಅಷ್ಟಕ್ಕೂ ಈ ರೀನಿಯಂ ಏನು, ಅದನ್ನು ಏಕೆ ಬೆರೆಸುತ್ತಾರೆ?

ಹಳೆಯಮೀಟರ್
ಕಲಬೆರಕೆ ಅಲ್ಲ. ಗಾಳಿ ನುಗ್ಗಿದೆ.

ಪುಡಿಲೋಹ
ಮೇಲಿನವರು ಮೂರು ಮಾತಿನಲ್ಲಿ ಮುಗಿಸಿದ್ದಾರೆ, ನಾನು ಸ್ವಲ್ಪ ಬಿಡಿಸುತ್ತೇನೆ. ಕರಗುವ ಬಿಂದು ಎಂಬುದು ಲೋಹ ಒಂಟಿಯಾಗಿರುವಾಗಿನ ಮಾತು. ಪಕ್ಕದಲ್ಲಿ ಆಮ್ಲಜನಕ ಬಂದು ಕುಳಿತರೆ ಲೆಕ್ಕವೇ ಬೇರೆ. ಅಲ್ಯೂಮಿನಿಯಂ ನೋಡಿ, 660 ಡಿಗ್ರಿಗೆ ಕರಗುವ ಬಡಪಾಯಿ; ಆದರೆ ಅದರ ಆಕ್ಸೈಡ್ ಮೈಗೆ ಅಂಟಿದ ಕವಚ, ಒಳಗಿನ ಲೋಹವನ್ನು ಕಾಯುತ್ತದೆ. ರೀನಿಯಂನದು ತದ್ವಿರುದ್ಧ. ಗಾಳಿಯಲ್ಲಿ 600 ಡಿಗ್ರಿ ದಾಟಿದರೆ ಸಾಕು, ಹೆಪ್ಟಾಕ್ಸೈಡ್ ಆಗುತ್ತದೆ: ಎರಡು ರೀನಿಯಂ ಪರಮಾಣುವಿಗೆ ಏಳು ಆಮ್ಲಜನಕ. ಆ ಆಕ್ಸೈಡ್ ಸುಮಾರು 360 ಡಿಗ್ರಿಗೇ ಆವಿಯಾಗಿ ಹಾರಿಹೋಗುತ್ತದೆ. ಅಂದರೆ ಹುಟ್ಟುವ ಹೊತ್ತಿಗೇ ಅದಕ್ಕೆ ರೆಕ್ಕೆ ಬಂದಿರುತ್ತದೆ. ಕವಚ ನಿಲ್ಲುವುದೇ ಇಲ್ಲ, ಹೊಸ ಲೋಹ ಮತ್ತೆ ಬಯಲಿಗೆ, ಮತ್ತೆ ಆಕ್ಸೈಡ್. ನಿಮ್ಮ ಹಳದಿ ಪುಡಿ ಅದೇ.

ತಂತಿಜಾಲ
ಪುಡಿಲೋಹ ಅವರೇ, ಕೊನೆಯ ವಾಕ್ಯ ಬಿಟ್ಟು ಉಳಿದದ್ದೆಲ್ಲ ಸರಿ. ರೀನಿಯಂ ಹೆಪ್ಟಾಕ್ಸೈಡೂ ಹಳದಿಯೇ, ಒಪ್ಪುತ್ತೇನೆ. ಆದರೆ ಹಾರಿಹೋಗುವ ವಸ್ತು ಬಿಸಿ ತಂತಿಯ ಸುತ್ತ ಪುಡಿಯಾಗಿ ಕಾದು ಕೂರುವುದು ಹೇಗೆ? ಎಲ್ಲಾದರೂ ತಣ್ಣನೆಯ ಮೂಲೆಯಲ್ಲಿ ಕೂತರೂ ತೇವ ಹೀರಿಕೊಂಡು ಪರ್‌ರೀನಿಕ್ ಆಮ್ಲವಾಗಿ ಒದ್ದೆ ಕಲೆಯಾಗುತ್ತದೆ. ಒಣ ಹಳದಿ ಪುಡಿ ಎಂದರೆ ಟಂಗ್‌ಸ್ಟನ್ ಟ್ರೈಆಕ್ಸೈಡ್. ಒಂದು ತಂತಿಯಲ್ಲಿ ಟಂಗ್‌ಸ್ಟನ್ ಶೇಕಡಾ 95, ಇನ್ನೊಂದರಲ್ಲಿ 74. ಅಪರಾಧದಲ್ಲಿ ದೊಡ್ಡ ಪಾಲು ಯಾರದೆಂದು ಲೆಕ್ಕ ಹಾಕಿ.

ಪುಡಿಲೋಹ
ಒಪ್ಪಿದೆ. ಬೆಳಿಗ್ಗೆ ಎದ್ದ ತಕ್ಷಣ ಬರೆಯಬಾರದು.

ಅಡ್ಡಪ್ರಶ್ನೆ
ಬಹುಮತ ಟಂಗ್‌ಸ್ಟನ್‌ನದು, ಬೈಗುಳ ಮಾತ್ರ ರೀನಿಯಂಗೆ. ಚೆನ್ನಾಗಿದೆ!

ಹಳೆಯಮೀಟರ್
ಕುಲುಮೆಕಾವಲು ಅವರೇ, ಮುಖ್ಯವಾದದ್ದನ್ನೇ ನೀವು ಹೇಳಿಲ್ಲ. ತಂತಿ ಮುರಿದದ್ದು ಎಲ್ಲಿ? ಒಳಗೆ ತುದಿಯ ಗಂಟಿನ ಹತ್ತಿರವೋ, ಕುಲುಮೆಯ ಗೋಡೆಯ ಹತ್ತಿರವೋ? ತುದಿಯ ಬಣ್ಣ ಹೇಗಿದೆ? ತಂತಿಗೆ ತೊಡಿಸಿದ್ದ ಪಿಂಗಾಣಿ ಕೊಳವೆ ಯಾವುದು? ಇಷ್ಟು ಹೇಳಿ, ಉಳಿದದ್ದು ಆಮೇಲೆ.

ಸುಮ್ಮನೆಓದುವವಳು
ನಾನು ಈ ಕ್ಷೇತ್ರದವಳಲ್ಲ. ಆದರೆ ಟಂಗ್‌ಸ್ಟನ್ ಹೆಚ್ಚು ಶಾಖ ತಾಳುತ್ತದೆ ಎಂದಾದರೆ ಅದಕ್ಕಿಂತ ಕಡಿಮೆ ತಾಳುವ, ಅದೂ ಇಷ್ಟು ವಿರಳವಾದ ಲೋಹವನ್ನು ಏಕೆ ಬೆರೆಸಬೇಕು? ಇದು ಇನ್ನೂ ನನಗೆ ಅರ್ಥವಾಗಿಲ್ಲ.

ತಂತಿಜಾಲ
ಒಳ್ಳೆಯ ಪ್ರಶ್ನೆ, ಮೇಡಂ. ಉತ್ತರ: ಟಂಗ್‌ಸ್ಟನ್‌ಗೆ ಬಾಗಲು ಬರುವುದಿಲ್ಲ.

ಬಲ್ಬಿನ ತಂತಿಯಾಗಿ ಎಳೆಯುವಾಗ ಅದರ ಒಳಗಿನ ಹರಳಿನ ಕಣಗಳು ನಾರಿನಂತೆ ಉದ್ದುದ್ದವಾಗಿರುತ್ತವೆ, ಆಗ ಅಷ್ಟಿಷ್ಟು ಬಾಗುತ್ತದೆ. ಒಮ್ಮೆ ಚೆನ್ನಾಗಿ ಕಾಯಿಸಿದಿರೋ, ಆ ನಾರೆಲ್ಲ ಹೋಗಿ ದಪ್ಪ ಕಣಗಳಾಗಿಬಿಡುತ್ತವೆ. ತಣ್ಣಗಾದ ಮೇಲೆ ಗಾಜಿನ ಹಾಗೆ ಲಟಕ್ಕನೆ ಮುರಿಯುತ್ತದೆ. ಮೊದಲು ಈ ಥರ್ಮೋಕಪಲ್‌ನ ಒಂದು ಕಾಲು, ಅಂದರೆ ಎರಡು ತಂತಿಗಳಲ್ಲಿ ಒಂದು, ಶುದ್ಧ ಟಂಗ್‌ಸ್ಟನ್ ಆಗಿತ್ತು, ಈಗಲೂ ಜಿ ಮಾದರಿ ಎಂದು ಸಿಗುತ್ತದೆ. ಮುರಿದು ಮುರಿದು ಸಾಕಾಗಿ ಅದಕ್ಕೂ ರೀನಿಯಂ ಬೆರೆಸಿದರು. ಶೇಕಡಾ 3 ಬೆರೆಸಿದ್ದು ಡಿ ಮಾದರಿ, ಶೇಕಡಾ 5 ಬೆರೆಸಿದ್ದು ಸಿ ಮಾದರಿ. ನಿಮ್ಮದು ಸಿ.

ಟಂಗ್‌ಸ್ಟನ್‌ಗೂ ಮಾಲಿಬ್ಡಿನಂಗೂ ರೀನಿಯಂ ಸೇರಿದರೆ ಬಾಗುವ ಗುಣ ಬರುತ್ತದೆ. ಇದಕ್ಕೆ ಲೋಹಶಾಸ್ತ್ರದಲ್ಲಿ ರೀನಿಯಂ ಪರಿಣಾಮ ಎಂದೇ ಹೆಸರು. ಟಂಗ್‌ಸ್ಟನ್, ಮಾಲಿಬ್ಡಿನಂ, ಟ್ಯಾಂಟಲಂ, ನಯೋಬಿಯಂ ಇವೆಲ್ಲ ಘನಾಕೃತಿಯ ಹರಳಿನ ಕುಟುಂಬ. ರೀನಿಯಂ ಒಂದೇ ಷಟ್ಕೋನದ್ದು. ಟಂಗ್‌ಸ್ಟನ್ ತಣ್ಣಗಾಗುತ್ತ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಪೆಡಸಾಗುತ್ತದಲ್ಲ, ಅಂಥ ಹಂತವೇ ರೀನಿಯಂಗೆ ಇಲ್ಲ. ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗುವ ಚಾಳಿಯೂ ಇಲ್ಲ. ಎಕ್ಸ್-ರೇ ಕೊಳವೆಯಲ್ಲಿ ತಿರುಗುವ ಟಂಗ್‌ಸ್ಟನ್ ಬಿಲ್ಲೆಯ ಮೇಲ್ಪದರಕ್ಕೆ ರೀನಿಯಂ ಬೆರೆಸುವುದೂ ಇದಕ್ಕೇ. ಕ್ಷಣಕ್ಷಣವೂ ಕಾದು ಆರುವ ಜಾಗ ಅದು, ಬರೀ ಟಂಗ್‌ಸ್ಟನ್ ಆದರೆ ಬೇಗ ಬಿರುಕು ಬಿಡುತ್ತದೆ.

ಕುಲುಮೆಕಾವಲು, ಒಂದು ಪರೀಕ್ಷೆ ಮಾಡಿ. ಮುರಿದ ತುದಿಯ ಎರಡೂ ಕಾಲುಗಳನ್ನು ಚಿಮುಟದಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಚೂರು ಸಿಡಿಯುತ್ತದೆ.

ಪುಡಿಲೋಹ
ಬಾಗುತ್ತದೆ ಎಂದ ಮಾತ್ರಕ್ಕೆ ರೀನಿಯಂ ಸಾಧು ಪ್ರಾಣಿ ಎಂದುಕೊಳ್ಳಬೇಡಿ. ನಾನು ಶುದ್ಧ ರೀನಿಯಂನ ಪಟ್ಟಿಯನ್ನು ರೋಲರಿನಲ್ಲಿ ಎಳೆದವನು. ಮೊದಲ ಸುತ್ತು ಮೃದುವಾಗಿ ಹೋಗುತ್ತದೆ. ಎರಡನೆಯದಕ್ಕೆ ಯಂತ್ರ ನರಳುತ್ತದೆ. ಮೂರನೆಯದಕ್ಕೆ ಅಂಚಿನಲ್ಲಿ ಬಿರುಕು. ಬಡಿದಷ್ಟೂ ಗಟ್ಟಿಯಾಗುವ ಗುಣ ಇದರಲ್ಲಿ ಇರುವಷ್ಟು ನಾನು ಬೇರೆ ಲೋಹದಲ್ಲಿ ಕಂಡಿಲ್ಲ. ದಪ್ಪ ಸ್ವಲ್ಪ ಇಳಿಸುವುದು, ಹೈಡ್ರೋಜನ್‌ನಲ್ಲಿ 1600 ಡಿಗ್ರಿ ದಾಟಿಸಿ ಹದಗೊಳಿಸುವುದು, ಮತ್ತೆ ಸ್ವಲ್ಪ ಇಳಿಸುವುದು. ಹೀಗೆ ದಿನಗಟ್ಟಲೆ.

"ಕಾಯಿಸಿಕೊಂಡೇ ಬಡಿಯಬಾರದೇ" ಎಂದು ಹೊಸಬರೊಬ್ಬರು ಕೇಳಿದರು. ಬೇಡವೆಂದರೂ ಒಂದು ಚೂರನ್ನು ಬಯಲಿನಲ್ಲೇ ಕೆಂಪಗೆ ಕಾಯಿಸಿ ಸುತ್ತಿಗೆ ಏಟು ಹಾಕಿದರು. ಒದ್ದೆ ಮಣ್ಣಿನ ಹೆಂಟೆಯಂತೆ ಬಿಚ್ಚಿಕೊಂಡಿತು! ಕಣಗಳ ನಡುವಿನ ಸಂದಿಗೆ ಆಮ್ಲಜನಕ ಇಳಿದು ಅಲ್ಲಿ ಅದೇ ಹೆಪ್ಟಾಕ್ಸೈಡ್ ಕರಗಿ ಕೂತಿರುತ್ತದೆ, ಹಿಡಿತ ಎಲ್ಲಿಂದ ಬರಬೇಕು? ಬಿಸಿಯಲ್ಲಿ ಬಡಿಯುವ ವಿದ್ಯೆ ಇದರ ಹತ್ತಿರ ನಡೆಯುವುದಿಲ್ಲ.

ಗಾಳಿಚಕ್ರ
ಥರ್ಮೋಕಪಲ್ ಮಾತ್ರ ಹಿಡಿದುಕೊಂಡು ಕೂತರೆ ರೀನಿಯಂಗೆ ಅನ್ಯಾಯ. ಲೋಕದಲ್ಲಿ ತೆಗೆಯುವ ರೀನಿಯಂನ ಹೆಚ್ಚಿನ ಪಾಲು, ಮುಕ್ಕಾಲಿನ ಆಸುಪಾಸು, ಹೋಗುವುದು ವಿಮಾನದ ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ.

ಬ್ಲೇಡಿನ ಕಷ್ಟ ಕೇಳಿ. ಅದು ನಿಕಲ್ ಮಿಶ್ರಲೋಹ. ನಿಕಲ್ ಕರಗುವುದು 1455 ಡಿಗ್ರಿಗೆ. ಬ್ಲೇಡಿನ ಮೇಲೆ ಹರಿಯುವ ಅನಿಲ ಅದಕ್ಕಿಂತಲೂ ಬಿಸಿ. ಒಳಗೆ ಕೊರೆದ ಸಣ್ಣ ನಾಳಗಳಲ್ಲಿ ತಂಪು ಗಾಳಿ ಹಾಯಿಸಿ, ಹೊರಗೆ ಪಿಂಗಾಣಿಯ ತೆಳು ಲೇಪ ಹಚ್ಚಿ, ಹೇಗೋ ಕರಗದಂತೆ ಹಿಡಿದಿರುತ್ತಾರೆ. ಆದರೆ ಕರಗದಿದ್ದರೆ ಸಾಲದು. ಗಿರಗಿರನೆ ತಿರುಗುವ ಬ್ಲೇಡನ್ನು ಹೊರಕ್ಕೆ ಸೆಳೆಯುವ ಬಲದಿಂದ ಲೋಹ ದಿನದಿನಕ್ಕೆ ಕೂದಲೆಳೆಯಷ್ಟು ಜಗ್ಗುತ್ತ ಹೋಗುತ್ತದೆ. ಇದನ್ನು ಕ್ರೀಪ್ ಎನ್ನುತ್ತೇವೆ. ಜಗ್ಗಬೇಕಾದರೆ ಒಳಗೆ ಪರಮಾಣುಗಳು ಜಾಗ ಬದಲಿಸಬೇಕು. ರೀನಿಯಂ ನಿಕಲ್‌ನೊಳಗೆ ಅತಿ ನಿಧಾನವಾಗಿ ಸರಿಯುವ ಧಾತುಗಳಲ್ಲಿ ಒಂದು. ಅದು ಅಲ್ಲಲ್ಲಿ ಕಾಲೂರಿ ನಿಂತರೆ ಉಳಿದವರ ಓಡಾಟವೂ ನಿಧಾನವಾಗುತ್ತದೆ.

ಒಂದೇ ಹರಳಾಗಿ ಎರಕ ಹೊಯ್ಯುವ ಬ್ಲೇಡುಗಳ ಎರಡನೆಯ ಪೀಳಿಗೆಯಲ್ಲಿ ಸುಮಾರು ಶೇಕಡಾ 3 ರೀನಿಯಂ ಬಂತು, ಮೂರನೆಯದರಲ್ಲಿ ಸುಮಾರು 6. ಹೀಗೇ ಏರಿಸುತ್ತ ಹೋಗೋಣ ಎಂದರೆ ಆಗುವುದಿಲ್ಲ. ಜಾಸ್ತಿಯಾದರೆ ಒಳಗೆ ಪೆಡಸಾದ ಬೇರೆ ಹರಳುಗಳು ಸೂಜಿಯಂತೆ ಹುಟ್ಟಿಕೊಳ್ಳುತ್ತವೆ, ಬ್ಲೇಡು ತೂಕವೂ ಆಗುತ್ತದೆ. ಆ ಹರಳುಗಳನ್ನು ಹತ್ತಿಕ್ಕಲು ನಾಲ್ಕನೆಯ ಪೀಳಿಗೆಯಲ್ಲಿ ರುಥೀನಿಯಂ ಬೆರೆಸಿದರು. ಇನ್ನೊಂದು ವಿರಳ ಲೋಹ! ಹುಲಿಯನ್ನು ಓಡಿಸಲು ಸಿಂಹ ತಂದ ಹಾಗೆ.

ಅಡ್ಡಪ್ರಶ್ನೆ
ಇಷ್ಟೆಲ್ಲ ಸರ್ಕಸ್ ಏಕೆ? ಪೂರ್ತಿ ಬ್ಲೇಡನ್ನೇ ರೀನಿಯಂನಲ್ಲಿ ಮಾಡಿದರೆ ತಂಪು ಗಾಳಿಯೂ ಬೇಡ, ಲೇಪವೂ ಬೇಡ.

ಗಾಳಿಚಕ್ರ
ಅಡ್ಡಪ್ರಶ್ನೆ ಅವರು ಮೇಲಿನ ಹತ್ತು ಉತ್ತರಗಳನ್ನು ಓದಿಲ್ಲ ಎಂದು ಕಾಣುತ್ತದೆ. ಟರ್ಬೈನಿನಲ್ಲಿ ಹರಿಯುವ ಅನಿಲದಲ್ಲಿ ಆಮ್ಲಜನಕ ಬೇಕಾದಷ್ಟಿದೆ, ನಿಮ್ಮ ಬ್ಲೇಡು ಹೊಗೆಯಾಗಿ ಹಿಂದಿನಿಂದ ಹೋಗುತ್ತದೆ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 21 ಗ್ರಾಂ. ಅದಕ್ಕಿಂತ ಸಾಂದ್ರವಾದವು ಆಸ್ಮಿಯಂ, ಇರಿಡಿಯಂ, ಪ್ಲಾಟಿನಂ ಮಾತ್ರ. ನಿಕಲ್‌ನ ಎರಡು ಪಟ್ಟಿಗೂ ಮಿಗಿಲು. ಆ ತೂಕವನ್ನು ತಿರುಗಿಸುವ ಚಕ್ರ ಯಾವ ಲೋಹದ್ದು, ಅದನ್ನೂ ಹೇಳಿಬಿಡಿ. ಕೊನೆಯದಾಗಿ, ಭೂಮಿಯ ಚಿಪ್ಪಿನಲ್ಲಿ ಇದು ಇರುವುದು ನೂರು ಕೋಟಿಯಲ್ಲಿ ಒಂದು ಭಾಗ, ಅಥವಾ ಅಷ್ಟೂ ಇಲ್ಲ. ಚಿನ್ನಕ್ಕಿಂತ ವಿರಳ.

ಅಡ್ಡಪ್ರಶ್ನೆ
ಓದಿದ್ದೆ. ಕೆಣಕಿದರೆ ಉತ್ತರ ಚೆನ್ನಾಗಿ ಬರುತ್ತದೆ, ಅದಕ್ಕೆ.

ಉಪಗ್ರಹಪ್ರಿಯ
ಶುದ್ಧ ರೀನಿಯಂನಲ್ಲೇ ಮಾಡುವ ಬಿಸಿ ಭಾಗ ಒಂದಿದೆ: ಉಪಗ್ರಹದ ಸಣ್ಣ ರಾಕೆಟ್ ಎಂಜಿನ್ನಿನ ದಹನ ಕೋಣೆ. ಅಚ್ಚಿನ ಮೇಲೆ ಅನಿಲದಿಂದ ರೀನಿಯಂ ಪದರವನ್ನು ಬೆಳೆಸಿ ಕೋಣೆ ಮಾಡುತ್ತಾರೆ, ಒಳಮೈಗೆ ಇರಿಡಿಯಂ ಲೇಪ. ಆಕ್ಸಿಡೀಕರಣವನ್ನು ಇರಿಡಿಯಂ ತಡೆಯುತ್ತದೆ, ಬಲ ರೀನಿಯಂನದು. ಸುಮಾರು 2200 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಗೋಡೆ ಅಷ್ಟು ಬಿಸಿ ತಾಳಿದರೆ ಅದನ್ನು ತಂಪಾಗಿಡಲು ಇಂಧನ ಪೋಲು ಮಾಡಬೇಕಿಲ್ಲ. ಉಪಗ್ರಹದಲ್ಲಿ ಉಳಿದ ಇಂಧನವೆಂದರೆ ಉಳಿದ ಆಯುಸ್ಸು.

ಅದಿರುಗಾರ
ಎಲ್ಲರೂ ಆ ಹೆಪ್ಟಾಕ್ಸೈಡನ್ನು ಶಪಿಸುತ್ತಿದ್ದೀರಿ. ಅದು ಹಾರದಿದ್ದರೆ ನಿಮ್ಮ ಕೈಗೆ ರೀನಿಯಂ ಸಿಗುತ್ತಲೇ ಇರಲಿಲ್ಲ.

ರೀನಿಯಂಗೆಂದು ಯಾರೂ ಗಣಿ ತೋಡುವುದಿಲ್ಲ. ತೋಡುವುದು ತಾಮ್ರಕ್ಕೆ. ಕೆಲವು ತಾಮ್ರದ ಅದಿರಿನ ಜೊತೆ ಮಾಲಿಬ್ಡಿನೈಟ್ ಎಂಬ ಮಾಲಿಬ್ಡಿನಂ ಸಲ್ಫೈಡ್ ಬರುತ್ತದೆ, ಬೂದು ಬಣ್ಣದ, ಪೆನ್ಸಿಲ್ ಸೀಸದಂತೆ ಕೈಗೆ ಮೆತ್ತುವ ಹೊಳೆಯುವ ಹಾಳೆಗಳು. ಅದರಲ್ಲಿ ಮಾಲಿಬ್ಡಿನಂ ಇರಬೇಕಾದ ಕೆಲವೇ ಕೆಲವು ಜಾಗಗಳಲ್ಲಿ ರೀನಿಯಂ ಕೂತಿರುತ್ತದೆ. ಮಾಲಿಬ್ಡಿನಂ ಪಡೆಯಲು ಇದನ್ನು ಗಾಳಿಯಲ್ಲಿ ಹುರಿಯುತ್ತಾರೆ. ಗಂಧಕ ಸುಟ್ಟು ಹೋಗುತ್ತದೆ, ಮಾಲಿಬ್ಡಿನಂ ಆಕ್ಸೈಡ್ ಕೆಳಗೆ ಉಳಿಯುತ್ತದೆ, ರೀನಿಯಂ ಹೆಪ್ಟಾಕ್ಸೈಡ್ ಆಗಿ ಹೊಗೆಯೊಂದಿಗೆ ಚಿಮಣಿ ಹತ್ತುತ್ತದೆ. ಆ ಹೊಗೆಯನ್ನು ನೀರಿನಲ್ಲಿ ತೊಳೆದರೆ ರೀನಿಯಂ ನೀರಿಗಿಳಿಯುತ್ತದೆ. ಆ ನೀರಿನಿಂದ ಅಮೋನಿಯಂ ಪರ್‌ರೀನೇಟ್ ಎಂಬ ಬಿಳಿ ಹರಳು, ಅದನ್ನು ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಬೂದು ಲೋಹದ ಪುಡಿ. ಹೊಗೆ ತೊಳೆಯುವ ವ್ಯವಸ್ಥೆ ಇಲ್ಲದ ಕಡೆ ಅಷ್ಟೂ ಆಕಾಶದ ಪಾಲು.

ಲೋಕದಲ್ಲಿ ಹೀಗೆ ಹೊಸದಾಗಿ ಸಿಗುವುದು ವರ್ಷಕ್ಕೆ ಸುಮಾರು 60 ಟನ್, ಹೆಚ್ಚು ಕಡಿಮೆ ಅರ್ಧ ಚಿಲಿಯಿಂದ. ತಾಮ್ರದವರು ಕೈಕಟ್ಟಿ ಕುಳಿತರೆ ರೀನಿಯಂ ಇಲ್ಲ. ಅದಕ್ಕೇ ಹಳೆಯ ಬ್ಲೇಡುಗಳಿಂದಲೂ, ಪೆಟ್ರೋಲಿನ ಆಕ್ಟೇನ್ ಏರಿಸಲು ಬಳಸಿ ಹಳತಾದ ಪ್ಲಾಟಿನಂ-ರೀನಿಯಂ ವೇಗವರ್ಧಕದಿಂದಲೂ ಮರಳಿ ತೆಗೆಯುತ್ತಾರೆ.

ಕುರಿಲ್ ದ್ವೀಪಸಾಲಿನ ಇಟುರುಪ್‌ನಲ್ಲಿ ಕುದ್ರ್ಯಾವಿ ಎಂಬ ಜ್ವಾಲಾಮುಖಿ ಇದೆ. ಅಲ್ಲಿ ಬಿಸಿ ಅನಿಲ ಉಗುಳುವ ಬಿರುಕುಗಳ ಬಾಯಲ್ಲಿ ರೀನಿಯಂ ಸಲ್ಫೈಡ್ ಖನಿಜವಾಗಿಯೇ ಕಟ್ಟಿಕೊಂಡಿದೆ. ಪ್ರಕೃತಿಯಲ್ಲೂ ಅದು ಹೊರಗೆ ಬಂದದ್ದು ಆವಿಯಾಗಿಯೇ.

ಸುಮ್ಮನೆಓದುವವಳು
ಅಂದರೆ ಅವರ ತಂತಿಯನ್ನು ತಿಂದ ಗುಣವೇ ಆ ತಂತಿಯನ್ನು ಸಾಧ್ಯ ಮಾಡಿದ್ದು!

ಆವರ್ತಕೋಷ್ಟಕ
ಇದರ ಇತಿಹಾಸ ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಮೆಂಡಲೀವ್ ತನ್ನ ಕೋಷ್ಟಕದಲ್ಲಿ ಮ್ಯಾಂಗನೀಸಿನ ಕೆಳಗೆ ಎರಡು ಮನೆ ಖಾಲಿ ಬಿಟ್ಟಿದ್ದ. ಅವಕ್ಕೆ ಇಟ್ಟ ಹೆಸರು ಏಕ-ಮ್ಯಾಂಗನೀಸ್, ದ್ವಿ-ಮ್ಯಾಂಗನೀಸ್. ಹೌದು, ನಮ್ಮ ಏಕ, ದ್ವಿಗಳೇ, ಸಂಸ್ಕೃತದಿಂದ ಎತ್ತಿಕೊಂಡದ್ದು. ಆ ದ್ವಿ-ಮ್ಯಾಂಗನೀಸೇ ರೀನಿಯಂ, ಧಾತು ಸಂಖ್ಯೆ 75. ಜರ್ಮನಿಯ ವಾಲ್ಟರ್ ನೊಡ್ಡಾಕ್, ಇಡಾ ಟಾಕೆ, ಓಟ್ಟೋ ಬರ್ಗ್ 1925ರಲ್ಲಿ ಎಕ್ಸ್-ರೇ ರೋಹಿತದಿಂದ ಪತ್ತೆಹಚ್ಚಿ ರೈನ್ ನದಿಯ ಹೆಸರಿಟ್ಟರು. 1928ರಲ್ಲಿ 660 ಕಿಲೋ ಮಾಲಿಬ್ಡಿನೈಟ್ ಸಂಸ್ಕರಿಸಿ ಸಿಕ್ಕಿದ್ದು 1 ಗ್ರಾಂ. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂದರೆ ಇದು. ಆದರೆ ಎಂಥ ಇಲಿ!

ಇದೇ ಇಡಾ, ಮದುವೆಯ ನಂತರ ಇಡಾ ನೊಡ್ಡಾಕ್, 1934ರಲ್ಲಿ, ಯುರೇನಿಯಂಗೆ ನ್ಯೂಟ್ರಾನ್ ಹೊಡೆದು ನೋಡಿದ ಭೌತವಿಜ್ಞಾನಿ ಫರ್ಮಿಯ ಪ್ರಯೋಗವನ್ನು ಟೀಕಿಸುತ್ತ, ಯುರೇನಿಯಂ ನ್ಯೂಕ್ಲಿಯಸ್ ದೊಡ್ಡ ತುಂಡುಗಳಾಗಿ ಒಡೆದಿರಬಹುದಲ್ಲ ಎಂದು ಬರೆದರು. ಯಾರೂ ಕಿವಿಗೊಡಲಿಲ್ಲ. ನಾಲ್ಕು ವರ್ಷದ ನಂತರ ಅದೇ ನಿಜವಾಯಿತು.

ಹಳೆಯಮೀಟರ್
ಕಿವಿಗೊಡದಿರಲು ಕಾರಣವೂ ಇತ್ತು. ರೀನಿಯಂ ಜೊತೆಗೇ 43ನೆಯ ಧಾತುವನ್ನೂ ಕಂಡೆವು ಎಂದು ಮಸೂರಿಯಂ ಎಂಬ ಹೆಸರಿಟ್ಟಿದ್ದರು. ಬೇರೆ ಯಾರಿಗೂ ಅದು ಸಿಗಲಿಲ್ಲ. 43 ನಿಜವಾಗಿ ಕೈಗೆ ಬಂದದ್ದು 1937ರಲ್ಲಿ, ಟೆಕ್ನೀಷಿಯಂ ಆಗಿ.

ಆವರ್ತಕೋಷ್ಟಕ
ಒಂದು ತಪ್ಪಿನಿಂದ ಎಲ್ಲ ಮಾತನ್ನೂ ತಳ್ಳಿಹಾಕುವುದು ನ್ಯಾಯವಲ್ಲ. ತಪ್ಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ಜಪಾನಿನ ಮಸತಾಕ ಒಗಾವ 1908ರಲ್ಲೇ ಒಂದು ಹೊಸ ಧಾತು ಸಿಕ್ಕಿತೆಂದು ನಿಪ್ಪೋನಿಯಂ ಎಂದು ಹೆಸರಿಟ್ಟು 43ನೆಯ ಮನೆಯಲ್ಲಿ ಕೂರಿಸಿದ್ದರು. ಅವರಿಗೆ ಸಿಕ್ಕಿದ್ದು ಬಹುಶಃ 75 ಎಂದು ಬಹಳ ವರ್ಷಗಳ ನಂತರ ಅವರದೇ ಎಕ್ಸ್-ರೇ ಫಲಕ ನೋಡಿದವರು ತೋರಿಸಿದರು. ಧಾತು ಸರಿ, ಮನೆ ತಪ್ಪು. ನಿಪ್ಪೋನಿಯಂ ಎಂಬ ಹೆಸರೂ ಕೈತಪ್ಪಿತು. 2016ರಲ್ಲಿ 113ಕ್ಕೆ ನಿಹೋನಿಯಂ ಎಂದು ಇಟ್ಟದ್ದು ಅದಕ್ಕೇ.

ಐಸೋಟೋಪು
ನಿಸರ್ಗದ ರೀನಿಯಂನಲ್ಲಿ ಶೇಕಡಾ 63ರಷ್ಟು ವಿಕಿರಣಶೀಲ ರೀನಿಯಂ-187. ಗಾಬರಿ ಬೇಡ, ಅರ್ಧಾಯು ಸುಮಾರು 4,100 ಕೋಟಿ ವರ್ಷ. ವಿಶ್ವದ ವಯಸ್ಸೇ 1,380 ಕೋಟಿ. ಅದು ನಿಧಾನವಾಗಿ ಆಸ್ಮಿಯಂ-187 ಆಗುತ್ತದೆ. ಮಾಲಿಬ್ಡಿನೈಟ್ ಹುಟ್ಟುವಾಗ ರೀನಿಯಂ ಸೇರಿಸಿಕೊಳ್ಳುತ್ತದೆ, ಆಸ್ಮಿಯಂ ಬಹುತೇಕ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಈಗ ಒಳಗಿರುವ ಆಸ್ಮಿಯಂ ಎಣಿಸಿದರೆ ಅದಿರಿನ ವಯಸ್ಸು ಸಿಗುತ್ತದೆ.

ನನ್ನ ಮೆಚ್ಚಿನದು ಇನ್ನೊಂದು. ಈ ಪರಮಾಣುವಿನ 75 ಎಲೆಕ್ಟ್ರಾನುಗಳನ್ನೂ ಕಿತ್ತು ನ್ಯೂಕ್ಲಿಯಸ್ಸನ್ನು ಬತ್ತಲೆ ಮಾಡಿದರೆ ಅರ್ಧಾಯು ಸುಮಾರು 33 ವರ್ಷಕ್ಕೆ ಇಳಿಯುತ್ತದೆ! ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1996ರಲ್ಲಿ ಅಳೆದರು. ಕ್ಷಯಿಸುವಾಗ ಹುಟ್ಟುವ ಎಲೆಕ್ಟ್ರಾನಿಗೆ ಹೊರಗೆ ಹಾರುವ ಶಕ್ತಿ ಬೇಕಿಲ್ಲ, ಖಾಲಿ ಬಿದ್ದ ಒಳಮನೆಯಲ್ಲೇ ಕೂತುಬಿಡಬಹುದು.

ಅಡ್ಡಪ್ರಶ್ನೆ
ಅರ್ಧಾಯು ಬದಲಾಗುವುದಿಲ್ಲ ಎಂದು ಶಾಲೆಯಲ್ಲಿ ನಮ್ಮ ತಲೆಗೆ ಮೊಟಕಿ ಹೇಳಿದ್ದರಲ್ಲ?

ನಿರ್ವಾಹಕ
ಅರ್ಧಾಯುವಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರ ಕುಲುಮೆ ನಿಂತಿದೆ.

ಕುಲುಮೆಕಾವಲು
ಕ್ಷಮಿಸಿ, ಎರಡು ದಿನ ಬರಲಾಗಲಿಲ್ಲ. ಕೇಳಿದ್ದಕ್ಕೆ ಉತ್ತರ: ಕೊಳವೆ ಅಲ್ಯೂಮಿನಾ. ಮುರಿದದ್ದು ಗೋಡೆಯಿಂದ ನಾಲ್ಕು ಬೆರಳು ಒಳಗೆ. ತುದಿಯ ಗಂಟು ಬೆಳ್ಳಿಯ ಹಾಗೆ ಹೊಳೆಯುತ್ತಿದೆ, ಅಲ್ಲಿ ಪುಡಿಯೇ ಇಲ್ಲ.

ಬಾಗಿಸುವ ಪರೀಕ್ಷೆಯನ್ನೂ ಮಾಡಿದೆ. ಒಂದು ಕಾಲು ಚಿಮುಟ ತಾಗಿದ್ದೇ ತಡ ಟಿಕ್ ಎಂದು ಮುರಿಯಿತು, ಮುರಿದ ಮುಖ ಸಕ್ಕರೆ ಹರಳಿನಂತೆ ಮಿನುಗಿತು. ಇನ್ನೊಂದು ಸುಮಾರು ಮೂವತ್ತು ಡಿಗ್ರಿ ಬಾಗಿ ಹಾಗೇ ನಿಂತಿತು. ಬಾಗಿದ್ದೇ 26ರದ್ದು ಎಂದು ಬಣ್ಣದ ಗುರುತಿನಿಂದ ಖಚಿತಪಡಿಸಿಕೊಂಡೆ.

ತಂತಿಜಾಲ
ನೋಡಿದಿರಾ! ಹಾಗಾದರೆ ಮಾಲು ಅಸಲಿ. ಮಾರಿದವರನ್ನು ಬೈದಿದ್ದರೆ ವಾಪಸ್ ತೆಗೆದುಕೊಳ್ಳಿ.

ಹಳೆಯಮೀಟರ್
ಗೋಡೆಯ ಹತ್ತಿರ ಮುರಿದಿದೆ, ತುದಿ ಹೊಳೆಯುತ್ತಿದೆ ಎಂದ ಮೇಲೆ ಕುಲುಮೆಯ ನಿರ್ವಾತ ಒಟ್ಟಾರೆ ಚೆನ್ನಾಗಿಯೇ ಇದೆ. ಗಾಳಿ ಬರುತ್ತಿರುವುದು ಥರ್ಮೋಕಪಲ್ ಒಳಹೋಗುವ ಜಾಗದಿಂದಲೇ. ಸೋರಿದ ಗಾಳಿ ಕೊಳವೆಯೊಳಗೆ ತಂತಿಯ ಗುಂಟ ಸಾಗುತ್ತದೆ, ತಂತಿ ಆಮ್ಲಜನಕ ತಿನ್ನುವಷ್ಟು ಬಿಸಿಯಿರುವ ಮೊದಲ ಜಾಗದಲ್ಲಿ ಅದನ್ನು ಹಿಡಿಯುತ್ತದೆ, ಮುಂದಕ್ಕೆ ಹೋಗಲು ಏನೂ ಉಳಿಯುವುದಿಲ್ಲ. 1600ರ ತುದಿಗೇ ಆಮ್ಲಜನಕ ಬಂದಿದ್ದರೆ ಪುಡಿ ಕೂರುತ್ತಿರಲಿಲ್ಲ, ಅಷ್ಟು ಬಿಸಿಯಲ್ಲಿ ಟಂಗ್‌ಸ್ಟನ್‌ನ ಆಕ್ಸೈಡೂ ಹಾರುತ್ತದೆ, ತಂತಿ ಸದ್ದಿಲ್ಲದೆ ತೆಳುವಾಗುತ್ತಿತ್ತು.

ಪಂಪಿನ ಕವಾಟ ಮುಚ್ಚಿ ಒತ್ತಡ ಎಷ್ಟು ಬೇಗ ಏರುತ್ತದೆ ನೋಡಿ. ಆಮೇಲೆ ಆ ಜಾಗದ ರಬ್ಬರ್ ಉಂಗುರ ಬಿಚ್ಚಿ. ಮುಂದೆ 1700 ದಾಟಿಸುವ ಯೋಚನೆ ಇದ್ದರೆ ಅಲ್ಯೂಮಿನಾ ಸಾಲದು. ಯಾರಾದರೂ ಬೆರಿಲಿಯಾ ಕೊಳವೆ ಕೊಟ್ಟರೆ ಅದನ್ನು ಎಂದೂ ಉಜ್ಜಬೇಡಿ, ಕತ್ತರಿಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಾಫ್ನಿಯಾ ಕೇಳಿ ನೋಡಿ.

ಕುಲುಮೆಕಾವಲು
ಕವಾಟ ಮುಚ್ಚಿದ ಮೇಲೆ ಒತ್ತಡದ ಮುಳ್ಳು ಕಣ್ಣೆದುರೇ ಏರಿತು. ಉಂಗುರ ಬಿಚ್ಚಿದೆ. ಒಂದು ಬದಿ ಚಪ್ಪಟೆಯಾಗಿ ಒಣಗಿದೆ, ಉಗುರು ಒತ್ತಿದರೆ ಬಿರುಕು ಬಿಡುತ್ತದೆ. ಮೇಲೆ ಒಂದು ತಲೆಗೂದಲು ಅಡ್ಡ ಮಲಗಿದೆ. ಕಳೆದ ಬಾರಿ ಕೂರಿಸಿದವನು ನಾನೇ, ಕೂದಲೂ ನನ್ನದೇ ಇರಬೇಕು.

ಹೊಸ ಉಂಗುರ ಹಾಕಿ ಖಾಲಿ ಕುಲುಮೆಯನ್ನು ಪಂಪಿಗೆ ಬಿಟ್ಟಿದ್ದೇನೆ. ಈಗ ಮುಳ್ಳು ಕದಲುತ್ತಿಲ್ಲ. ಹೊಸ ಥರ್ಮೋಕಪಲ್ ಬರಲು ಮೂರು ವಾರ ಎಂದಿದ್ದಾರೆ.

ಅದಿರುಗಾರ
ಮುರಿದ ಚೂರುಗಳನ್ನು ಕಸಕ್ಕೆ ಹಾಕಿಬಿಡಬೇಡಿ. ಅದರಲ್ಲಿರುವ ರೀನಿಯಂ ಮರಳಿ ತೆಗೆಯುವವರಿದ್ದಾರೆ.

ಕುಲುಮೆಕಾವಲು
ಸೀಸೆಯಲ್ಲಿ ಹಾಕಿಟ್ಟಿದ್ದೇನೆ. ಪುಡಿಯನ್ನೂ ಬೇರೆಯಾಗಿ ಗುಡಿಸಿಟ್ಟೆ.

ಪುಡಿಲೋಹ
ಪುಡಿಯಲ್ಲಿ ರೀನಿಯಂ ಸಿಗುವುದು ಕಷ್ಟ. ತಂತಿಜಾಲ ಅವರು ಹೇಳಿದ ಹಾಗೆ ಅದು ಟಂಗ್‌ಸ್ಟನ್. ನಿಮ್ಮ ರೀನಿಯಂನ ಒಂದು ಪಾಲು ಪಂಪಿನ ಎಣ್ಣೆಗೆ ಸೇರಿರಬೇಕು, ಎಣ್ಣೆಯನ್ನೂ ಬದಲಿಸಿ.